ಹೈ ವೋಲ್ಟೇಜ್ ಮಲ್ಟಿಲೆವೆಲ್ ಕನ್ವರ್ಟರ್‌ನಲ್ಲಿ ಕರೆಂಟ್ ಕಂಟ್ರೋಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಹೆಚ್ಚಾಗಿ ಮಾಡ್ಯುಲರ್ ಮಲ್ಟಿಲೆವೆಲ್ ಕನ್ವರ್ಟರ್, ಅಂದರೆ ಎಂಎಂಸಿ ಬಗ್ಗೆ. ಎರಡು ಲೆವೆಲ್ ಇನ್ವರ್ಟರ್ ಗೊತ್ತಿದ್ದು, ಪಿಐ ಕಂಟ್ರೋಲರ್ ಒಮ್ಮೆಯಾದರೂ ಟ್ಯೂನ್ ಮಾಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಲೆಕ್ಕಗಳಿಗೆಲ್ಲ ಒಂದೇ ಕಾಲ್ಪನಿಕ ಸ್ಟೇಷನ್ ಇಟ್ಟುಕೊಂಡಿದ್ದೇನೆ: 1000 ಮೆಗಾವಾಟ್, ಪ್ಲಸ್-ಮೈನಸ್ 320 ಕೆವಿ ಡಿಸಿ, 50 ಹರ್ಟ್ಸ್ ಎಸಿ. ಪ್ರತಿ ಆರ್ಮ್‌ನಲ್ಲಿ (ಡಿಸಿಯ ಒಂದು ತುದಿಗೂ ಎಸಿ ತುದಿಗೂ ನಡುವಿನ ಸರಪಳಿ) 400 ಸಬ್‌ಮಾಡ್ಯೂಲ್ (ಸ್ವಿಚ್‌ಗಳೂ ಕೆಪಾಸಿಟರೂ ಇರುವ ಪುಟ್ಟ ಘಟಕ), ಪ್ರತಿಯೊಂದರಲ್ಲೂ 1.6 ಕೆವಿಗೆ ಚಾರ್ಜ್ ಆದ 10 ಮಿಲಿಫ್ಯಾರಡ್ ಕೆಪಾಸಿಟರ್. ಆರ್ಮ್ ಇಂಡಕ್ಟರ್ 50 ಮಿಲಿಹೆನ್ರಿ. ನಿಮ್ಮ ಸಿಸ್ಟಮ್ ಬೇರೆಯಾಗಿದ್ದರೆ ಅಂಕಿಗಳನ್ನು ಬದಲಿಸಿಕೊಳ್ಳಿ, ದಾರಿ ಅದೇ.

ಇಷ್ಟೊಂದು ಲೆವೆಲ್ ಯಾಕೆ? ಎರಡು ಲೆವೆಲ್ ಸಾಕಾಗಲ್ವಾ?

640 ಕೆವಿ (ಪ್ಲಸ್ 320ರಿಂದ ಮೈನಸ್ 320ರವರೆಗೆ) ತಡೆಯುವ ಒಂದೇ ಐಜಿಬಿಟಿ, ಅಂದರೆ ಪವರ್ ಟ್ರಾನ್ಸಿಸ್ಟರ್ ಸ್ವಿಚ್, ಇಲ್ಲ. ನೂರಾರು ಐಜಿಬಿಟಿಗಳನ್ನು ಸರಣಿಯಲ್ಲಿ ಜೋಡಿಸಿ, ಎಲ್ಲವನ್ನೂ ಒಂದೇ ಕ್ಷಣಕ್ಕೆ ಆನ್-ಆಫ್ ಮಾಡುವುದು ಸಾಧ್ಯ. ಮೊದಲ ತಲೆಮಾರಿನ ವೋಲ್ಟೇಜ್ ಸೋರ್ಸ್ ಎಚ್‌ವಿಡಿಸಿ (ಹೈ ವೋಲ್ಟೇಜ್ ಡಿಸಿ) ಸ್ಟೇಷನ್‌ಗಳು ಹಾಗೇ ಇದ್ದವು. ಆದರೆ ಸ್ವಿಚಿಂಗ್ ನಷ್ಟ ಜಾಸ್ತಿ, ಫಿಲ್ಟರ್ ದೊಡ್ಡದು, ಟ್ರಾನ್ಸ್‌ಫಾರ್ಮರ್ ಮೇಲೆ ಬೀಳುವ ಒತ್ತಡವೂ ಕೆಟ್ಟದ್ದು. ಮೂರು ಲೆವೆಲ್‌ನ ನ್ಯೂಟ್ರಲ್ ಪಾಯಿಂಟ್ ಕ್ಲ್ಯಾಂಪ್ಡ್ ಕನ್ವರ್ಟರ್ 1980ರ ದಶಕದ ಆರಂಭದಲ್ಲಿ ಬಂತು, ಫ್ಲೈಯಿಂಗ್ ಕೆಪಾಸಿಟರ್ 1990ರ ದಶಕದ ಆರಂಭದಲ್ಲಿ. ಎರಡೂ ಮೋಟಾರ್ ಡ್ರೈವ್‌ಗಳಿಗೆ ಚೆನ್ನಾಗಿ ಒಗ್ಗಿದವು. ಲೆವೆಲ್ ಹೆಚ್ಚಿಸುತ್ತಾ ಹೋದರೆ ಮಾತ್ರ ಡಯೋಡ್‌ಗಳ, ಕೆಪಾಸಿಟರ್‌ಗಳ ಲೆಕ್ಕ ಕೈಮೀರುತ್ತದೆ.

2003ರಲ್ಲಿ ಜರ್ಮನಿಯ ಲೆಸ್ನಿಕರ್ ಮತ್ತು ಮಾರ್ಕ್‌ವಾರ್ಟ್ ಎಂಎಂಸಿ ರಚನೆಯನ್ನು ಮುಂದಿಟ್ಟರು. 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟ್ರಾನ್ಸ್ ಬೇ ಕೇಬಲ್, 400 ಮೆಗಾವಾಟ್ ಮತ್ತು ಪ್ಲಸ್-ಮೈನಸ್ 200 ಕೆವಿಯಲ್ಲಿ, ಎಂಎಂಸಿ ಬಳಸಿದ ಮೊದಲ ಎಚ್‌ವಿಡಿಸಿ ಲಿಂಕ್ ಆಯಿತು. ಆಮೇಲೆ ಹೊಸ ವೋಲ್ಟೇಜ್ ಸೋರ್ಸ್ ಲಿಂಕ್‌ಗಳು ಬಹುತೇಕ ಇದೇ ದಾರಿ ಹಿಡಿದವು.

ಎಂಎಂಸಿಯಲ್ಲಿ ನಿಜವಾಗಿ ಎಷ್ಟು ಬಗೆಯ ಕರೆಂಟ್ ಕಂಟ್ರೋಲ್ ಮಾಡಬೇಕು?

ಎರಡು ಬಗೆಯ ಕರೆಂಟ್. ಗೊಂದಲ ಶುರುವಾಗುವುದೇ ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಪ್ರತಿ ಫೇಸ್‌ಗೆ ಮೇಲೊಂದು, ಕೆಳಗೊಂದು ಆರ್ಮ್. ಎರಡರ ಕರೆಂಟ್‌ನ ವ್ಯತ್ಯಾಸ ಎಸಿ ಕಡೆಗೆ ಹೋಗುತ್ತದೆ. ಎರಡರ ಸರಾಸರಿ ಮಾತ್ರ ಎಸಿ ಕಡೆಗೆ ಕಾಣುವುದಿಲ್ಲ. ಅದು ಡಿಸಿ ಕಂಬಗಳ (ಪ್ಲಸ್ ಮತ್ತು ಮೈನಸ್ ತುದಿಗಳ) ನಡುವೆ, ಫೇಸ್‌ಗಳ ನಡುವೆ ಹರಿಯುತ್ತದೆ. ಇದೇ ಸರ್ಕ್ಯುಲೇಟಿಂಗ್ ಕರೆಂಟ್. ಅಂದರೆ ಪ್ರತಿ ಆರ್ಮ್‌ನಲ್ಲಿ ಸರ್ಕ್ಯುಲೇಟಿಂಗ್ ಕರೆಂಟ್ ಪೂರ್ತಿ ಇರುತ್ತದೆ, ಜೊತೆಗೆ ಎಸಿ ಕರೆಂಟ್‌ನ ಅರ್ಧ ಇರುತ್ತದೆ. ಆ ಅರ್ಧ ಮೇಲಿನ ಆರ್ಮ್‌ನಲ್ಲಿ ಕೂಡುತ್ತದೆ, ಕೆಳಗಿನದರಲ್ಲಿ ಕಳೆಯುತ್ತದೆ.

ಅದೃಷ್ಟಕ್ಕೆ ಇವೆರಡನ್ನೂ ನಡೆಸುವ ವೋಲ್ಟೇಜ್‌ಗಳೂ ಬೇರೆ ಬೇರೆ. ಕೆಳಗಿನ ಆರ್ಮ್ ವೋಲ್ಟೇಜ್‌ನಿಂದ ಮೇಲಿನದನ್ನು ಕಳೆದು ಅರ್ಧ ಮಾಡಿದರೆ ಎಸಿ ಕರೆಂಟ್ ನಡೆಸುವ ವೋಲ್ಟೇಜ್ ಸಿಗುತ್ತದೆ. ಎರಡನ್ನೂ ಕೂಡಿಸಿ, ಡಿಸಿ ವೋಲ್ಟೇಜ್‌ನಿಂದ ಕಳೆದರೆ ಉಳಿಯುವುದು ಸರ್ಕ್ಯುಲೇಟಿಂಗ್ ಕರೆಂಟ್ ನಡೆಸುವ ವೋಲ್ಟೇಜ್. ಆದ್ದರಿಂದ ಎರಡು ಲೂಪ್‌ಗಳನ್ನು ಒಂದಕ್ಕೊಂದು ಅಂಟಿಕೊಳ್ಳದಂತೆ ಡಿಸೈನ್ ಮಾಡಬಹುದು. ಆರು ಆರ್ಮ್‌ಗಳಿಗೆ ಆರು ಪ್ರತ್ಯೇಕ ಕರೆಂಟ್ ಕಂಟ್ರೋಲರ್ ಹಾಕಿ ನೋಡೋಣ ಅಂತ ಕೆಲವರು ಹೊರಡುತ್ತಾರೆ. ಅದೂ ನಡೆಯುತ್ತದೆ, ಆದರೆ ಏನಾದರೂ ತಪ್ಪಿದಾಗ ಯಾವುದು ಯಾರ ತಪ್ಪು ಅಂತ ಹುಡುಕುವುದು ಕಷ್ಟ.

ನಮ್ಮ ಉದಾಹರಣೆಯಲ್ಲಿ ಈ ಕರೆಂಟ್‌ಗಳು ಎಷ್ಟಿರುತ್ತವೆ?

1000 ಮೆಗಾವಾಟನ್ನು 640 ಕೆವಿಯಿಂದ ಭಾಗಿಸಿ: ಡಿಸಿ ಕರೆಂಟ್ ಸುಮಾರು 1560 ಆಂಪಿಯರ್. ಅದು ಮೂರು ಫೇಸ್‌ಗೆ ಹಂಚಿ ಹೋಗುತ್ತದೆ, ತಲಾ 520. ಕನ್ವರ್ಟರ್ ಕಡೆಯ ಎಸಿ ವೋಲ್ಟೇಜ್ 333 ಕೆವಿ ಅಂತಿಟ್ಟುಕೊಂಡರೆ ಎಸಿ ಕರೆಂಟ್‌ನ ಶಿಖರ ಸುಮಾರು 2450 ಆಂಪಿಯರ್. ಅದರ ಅರ್ಧ 1225. ಒಟ್ಟು ಆರ್ಮ್ ಕರೆಂಟ್‌ನ ಶಿಖರ ಸುಮಾರು 1745, ಆರ್‌ಎಂಎಸ್ ಸುಮಾರು 1010 ಆಂಪಿಯರ್. ಸರ್ಕ್ಯುಲೇಟಿಂಗ್ ಕರೆಂಟ್ ಅಂದ ಕೂಡಲೇ ಅದು ಬೇಡದ ಕರೆಂಟ್ ಅಂತ ತಿಳಿಯುವವರು ಇಲ್ಲಿ ಗಮನಿಸಬೇಕು. ಆ 520 ಆಂಪಿಯರ್ ಇಲ್ಲದಿದ್ದರೆ ಒಂದು ವಾಟ್ ಕೂಡ ದಾಟುವುದಿಲ್ಲ.

ಹಾಗಾದರೆ ತೆಗೆಯಬೇಕಾದ್ದು ಏನು?

ಅದರಲ್ಲಿರುವ 100 ಹರ್ಟ್ಸ್ ಭಾಗ. ಪ್ರತಿ ಆರ್ಮ್‌ನ ವೋಲ್ಟೇಜ್ ಮತ್ತು ಕರೆಂಟ್ ಎರಡರಲ್ಲೂ 50 ಹರ್ಟ್ಸ್ ಇದೆ. ಗುಣಿಸಿದಾಗ ಪವರ್‌ನಲ್ಲಿ 100 ಹರ್ಟ್ಸ್ ಬರುತ್ತದೆ, ಕೆಪಾಸಿಟರ್ ವೋಲ್ಟೇಜ್ ಅದಕ್ಕೆ ತಕ್ಕಂತೆ ಏರಿಳಿಯುತ್ತದೆ. ಆ ಏರಿಳಿತ ಆರ್ಮ್ ವೋಲ್ಟೇಜ್‌ನಲ್ಲಿ ಮೂಡಿ, 100 ಹರ್ಟ್ಸ್ ಸರ್ಕ್ಯುಲೇಟಿಂಗ್ ಕರೆಂಟನ್ನು ಓಡಿಸುತ್ತದೆ. ಮೂರೂ ಫೇಸ್ ಸಮವಾಗಿದ್ದರೆ ಇದು ನೆಗೆಟಿವ್ ಸೀಕ್ವೆನ್ಸ್, ಅಂದರೆ ಫೇಸ್‌ಗಳ ಸರದಿ ತಿರುವುಮುರುವು. ಫೇಸ್‌ಗಳ ನಡುವೆಯೇ ಸುತ್ತುತ್ತದೆ, ಡಿಸಿ ಕೇಬಲ್‌ಗೆ ಇಳಿಯುವುದಿಲ್ಲ.

ಇದರ ದಂಡ ಎಷ್ಟು? ಶಿಖರ 600 ಆಂಪಿಯರ್‌ನ 100 ಹರ್ಟ್ಸ್ ಸೇರಿಕೊಂಡರೆ ಆರ್ಮ್‌ನ ಆರ್‌ಎಂಎಸ್ 1010ರಿಂದ ಸುಮಾರು 1100 ಆಗುತ್ತದೆ. ಸಣ್ಣದು ಅನ್ನಿಸಬಹುದು. ಆದರೆ ಕರೆಂಟ್‌ನ ವರ್ಗಕ್ಕೆ ತಕ್ಕಂತೆ ಬರುವ ನಷ್ಟ ಶೇಕಡಾ 17-18ರಷ್ಟು ಏರುತ್ತದೆ. ಶಿಖರಗಳು ಒಂದರ ಮೇಲೊಂದು ಬಂದರೆ 1745 ಇದ್ದದ್ದು 2345ರವರೆಗೂ ಹೋಗಬಹುದು. ಐಜಿಬಿಟಿಗೆ ಕೊಟ್ಟಿದ್ದ ಅಂತರವನ್ನು ಅದೇ ತಿಂದುಹಾಕುತ್ತದೆ.

ಆರ್ಮ್ ಇಂಡಕ್ಟರ್ ದೊಡ್ಡದು ಮಾಡಿದರೆ ಸಾಕಲ್ವಾ?

ಸ್ವಲ್ಪ ಮಟ್ಟಿಗೆ. ಆದರೆ ಇಲ್ಲೊಂದು ರೆಸೊನೆನ್ಸ್ ಕಾದು ಕೂತಿದೆ. ಆರ್ಮ್ ಇಂಡಕ್ಟರ್ ಮತ್ತು ಸಬ್‌ಮಾಡ್ಯೂಲ್ ಕೆಪಾಸಿಟರ್‌ಗಳು ಸೇರಿ ಒಂದು ಟ್ಯೂನ್ಡ್ ಸರ್ಕ್ಯೂಟ್ ಆಗುತ್ತವೆ. ಮಾಡ್ಯುಲೇಶನ್ ಇಂಡೆಕ್ಸ್ (ಎಸಿ ವೋಲ್ಟೇಜ್‌ನ ಶಿಖರ ಡಿಸಿಯ ಅರ್ಧದ ಎಷ್ಟು ಪಾಲು ಅನ್ನುವ ಅಂಕಿ) 1 ಇದ್ದಾಗ ಎರಡನೇ ಹಾರ್ಮೋನಿಕ್‌ಗೆ ನಿಯಮ ಹೀಗೆ: ಇಂಡಕ್ಟನ್ಸ್ ಮತ್ತು ಆರ್ಮ್‌ನ ಒಟ್ಟು ಸರಣಿ ಕೆಪಾಸಿಟನ್ಸ್‌ನ ಗುಣಲಬ್ಧ, 5ನ್ನು 48ರಿಂದ ಭಾಗಿಸಿ ಆಮೇಲೆ ಕೋನೀಯ ವೇಗದ ವರ್ಗದಿಂದ ಭಾಗಿಸಿದ್ದಕ್ಕಿಂತ ಜಾಸ್ತಿ ಇರಬೇಕು. ನಮ್ಮ ಸ್ಟೇಷನ್‌ನಲ್ಲಿ 10 ಮಿಲಿಫ್ಯಾರಡನ್ನು 400ರಿಂದ ಭಾಗಿಸಿದರೆ 25 ಮೈಕ್ರೋಫ್ಯಾರಡ್. 50 ಮಿಲಿಹೆನ್ರಿ ಜೊತೆ ಲೆಕ್ಕ ಹಾಕಿದರೆ ರೆಸೊನೆನ್ಸ್ ತಟ್ಟುವುದು ಎಸಿ ಫ್ರೀಕ್ವೆನ್ಸಿ 46 ಹರ್ಟ್ಸ್ ಆದಾಗ. ನಾವು ಓಡುವುದು 50ರಲ್ಲಿ. ನಿಯಮ ಪಾಲಿಸಿದ್ದೇವೆ ನಿಜ, ಆದರೆ ಬಹಳ ಹತ್ತಿರದಲ್ಲಿದ್ದೇವೆ. ಕಂಟ್ರೋಲ್ ಇಲ್ಲದೆ ಬಿಟ್ಟರೆ 100 ಹರ್ಟ್ಸ್ ಕರೆಂಟ್ ಚೆನ್ನಾಗಿಯೇ ಉಬ್ಬುತ್ತದೆ. ಇಂಡಕ್ಟರ್ ಬೆಳೆಸಬಹುದು, ಆದರೆ ಜಾಗ, ತೂಕ, ರಿಯಾಕ್ಟಿವ್ ಪವರ್‌ನ ಖರ್ಚು ಎಲ್ಲವೂ ಬೆಳೆಯುತ್ತದೆ. ಸಾಫ್ಟ್‌ವೇರ್‌ನಲ್ಲಿ ಒಂದು ಲೂಪ್ ಬರೆಯುವುದು ಅದಕ್ಕಿಂತ ಅಗ್ಗ.

ಆ ಲೂಪ್ ಹೇಗಿರುತ್ತದೆ?

ಎರಡು ದಾರಿ ಚಾಲ್ತಿಯಲ್ಲಿವೆ. ಮೊದಲನೆಯದು, ಎರಡರಷ್ಟು ವೇಗದಲ್ಲಿ ಹಿಮ್ಮುಖವಾಗಿ ತಿರುಗುವ ಡಿಕ್ಯೂ ಫ್ರೇಮ್‌ನಲ್ಲಿ (ಎಸಿ ಅಲೆಯನ್ನು ಸ್ಥಿರ ಅಂಕಿಯಾಗಿ ಕಾಣಿಸುವ, ತಿರುಗುವ ಅಕ್ಷಗಳು) ಪಿಐ ಕಂಟ್ರೋಲರ್ ಹಾಕಿ, ರೆಫರೆನ್ಸ್ ಸೊನ್ನೆ ಇಡುವುದು. ಎರಡನೆಯದು, ಪ್ರತಿ ಫೇಸ್‌ಗೂ 100 ಹರ್ಟ್ಸ್‌ಗೆ ಟ್ಯೂನ್ ಮಾಡಿದ ರೆಸೊನೆಂಟ್ ಕಂಟ್ರೋಲರ್.

ನನ್ನ ಮತ ಎರಡನೆಯದಕ್ಕೆ. ಡಿಕ್ಯೂ ದಾರಿ ನೆಗೆಟಿವ್ ಸೀಕ್ವೆನ್ಸನ್ನು ಮಾತ್ರ ಹಿಡಿಯುತ್ತದೆ. ಎಸಿ ಗ್ರಿಡ್‌ನಲ್ಲಿ ಒಂದು ಫೇಸ್ ಕುಸಿದ ತಕ್ಷಣ ಪಾಸಿಟಿವ್ (ಸರದಿ ನೇರ) ಮತ್ತು ಜೀರೋ ಸೀಕ್ವೆನ್ಸ್ (ಮೂರೂ ಫೇಸ್‌ನಲ್ಲಿ ಒಂದೇ ತರಹ) ಕೂಡ ಹುಟ್ಟುತ್ತವೆ. ಜೀರೋ ಸೀಕ್ವೆನ್ಸ್ ಭಾಗ ನೇರವಾಗಿ ಡಿಸಿ ಕೇಬಲ್‌ಗೆ ಇಳಿದು, ಆಚೆ ತುದಿಯ ಸ್ಟೇಷನ್‌ವರೆಗೆ 100 ಹರ್ಟ್ಸ್ ನಡುಕ ತಲುಪಿಸುತ್ತದೆ. ಫೇಸ್‌ಗೊಂದು ರೆಸೊನೆಂಟ್ ಕಂಟ್ರೋಲರ್ ಇದ್ದರೆ ಮೂರನ್ನೂ ಒಟ್ಟಿಗೆ ಹಿಡಿಯುತ್ತದೆ. ಗ್ರಿಡ್ ಫ್ರೀಕ್ವೆನ್ಸಿ ಆಚೀಚೆ ಆದಾಗ ಟ್ಯೂನಿಂಗ್ ಕೂಡ ಅದರ ಹಿಂದೆ ಹೋಗಬೇಕು, ಅಷ್ಟು ನೋಡಿಕೊಳ್ಳಿ.

100 ಹರ್ಟ್ಸ್ ಪೂರ್ತಿ ಸೊನ್ನೆ ಮಾಡುವುದೇ ಸರಿಯಾ?

ಯಾವಾಗಲೂ ಅಲ್ಲ. ಸರಿಯಾದ ಅಳತೆಯಲ್ಲಿ, ಸರಿಯಾದ ಫೇಸ್‌ನಲ್ಲಿ ಬೇಕಂತಲೇ 100 ಹರ್ಟ್ಸ್ ಬಿಟ್ಟರೆ ಕೆಪಾಸಿಟರ್ ವೋಲ್ಟೇಜ್‌ನ ಏರಿಳಿತ ಕಡಿಮೆಯಾಗುತ್ತದೆ. ಬದಲಿಗೆ ನಷ್ಟ ಜಾಸ್ತಿ. ಎಚ್‌ವಿಡಿಸಿಯಲ್ಲಿ ನಷ್ಟದ ಲೆಕ್ಕವೇ ಗೆಲ್ಲುವುದರಿಂದ ಸಾಮಾನ್ಯವಾಗಿ ಸೊನ್ನೆ. ಕಡಿಮೆ ವೇಗದ ಮೋಟಾರ್ ಡ್ರೈವ್‌ನಲ್ಲಿ ಕಥೆಯೇ ಬೇರೆ. ಅಲ್ಲಿ ಫ್ರೀಕ್ವೆನ್ಸಿ ಇಳಿದಷ್ಟೂ ಕೆಪಾಸಿಟರ್ ಏರಿಳಿತ ಬೆಳೆಯುತ್ತದೆ. ಆಗ ಹೆಚ್ಚು ಫ್ರೀಕ್ವೆನ್ಸಿಯ ಸರ್ಕ್ಯುಲೇಟಿಂಗ್ ಕರೆಂಟ್ ಮತ್ತು ಕಾಮನ್ ಮೋಡ್ ವೋಲ್ಟೇಜ್ (ಮೂರೂ ಫೇಸ್‌ಗೆ ಸಮಾನವಾದದ್ದು) ಎರಡನ್ನೂ ಒಟ್ಟಿಗೆ ಹಾಕಲೇಬೇಕಾಗುತ್ತದೆ.

ಎಸಿ ಕರೆಂಟ್ ಲೂಪ್ ಎಷ್ಟು ವೇಗವಾಗಿರಬೇಕು?

ಇದು ಮಾಮೂಲಿ ಡಿಕ್ಯೂ ಕಂಟ್ರೋಲ್. ಇಂಡಕ್ಟನ್ಸ್ ಲೆಕ್ಕದಲ್ಲಿ ಒಂದು ಸಂಗತಿ ನೆನಪಿಡಿ: ಎಸಿ ಕರೆಂಟ್‌ಗೆ ಎರಡು ಆರ್ಮ್‌ಗಳು ಪ್ಯಾರಲಲ್ ಆಗಿ ಕಾಣುತ್ತವೆ. ಹಾಗಾಗಿ 50 ಮಿಲಿಹೆನ್ರಿಯಲ್ಲಿ ಅರ್ಧ, 25 ಮಾತ್ರ. ಟ್ರಾನ್ಸ್‌ಫಾರ್ಮರ್ ಲೀಕೇಜ್ 50 ಸೇರಿಸಿದರೆ 75 ಮಿಲಿಹೆನ್ರಿ. ಲೂಪ್ ಬ್ಯಾಂಡ್‌ವಿಡ್ತ್ ಸೆಕೆಂಡಿಗೆ 1000 ರೇಡಿಯನ್ ಬೇಕೆಂದರೆ ಪ್ರೊಪೋರ್ಷನಲ್ ಗೇನ್ 75 ಓಮ್, ಕರೆಂಟ್ ಏರುವ ಸಮಯ ಸುಮಾರು 2.2 ಮಿಲಿಸೆಕೆಂಡ್.

ಇನ್ನೂ ವೇಗ ಬೇಡವಾ? ಬೇಕು, ಆದರೆ ಡಿಲೇ ಬಿಡುವುದಿಲ್ಲ. ಅಳತೆ, ಕೇಂದ್ರ ಕಂಟ್ರೋಲರ್, ಫೈಬರ್ ಲಿಂಕ್, ವಾಲ್ವ್ ಕಂಟ್ರೋಲ್ ಎಲ್ಲ ಸೇರಿ 250 ಮೈಕ್ರೋಸೆಕೆಂಡ್ ಅಂತಿಟ್ಟುಕೊಳ್ಳಿ. 1000 ರೇಡಿಯನ್‌ನಲ್ಲಿ ಅದು ತಿನ್ನುವ ಫೇಸ್ ಮಾರ್ಜಿನ್ (ಲೂಪ್ ಅಸ್ಥಿರವಾಗುವ ಮುನ್ನ ಇರುವ ಅಂತರ) 14 ಡಿಗ್ರಿ. 4000ಕ್ಕೆ ಹೋದರೆ 57 ಡಿಗ್ರಿ ಹೋಯಿತು, 90ರಲ್ಲಿ ಉಳಿಯುವುದು 33. ಗೇನ್ ಏರಿಸುವ ಮೊದಲು ಡಿಲೇ ಎಲ್ಲಿ ಹುಟ್ಟುತ್ತಿದೆ ಅಂತ ಹುಡುಕುವುದು ಯಾವಾಗಲೂ ಲಾಭದ ಕೆಲಸ.

400 ಸಬ್‌ಮಾಡ್ಯೂಲ್ ಇದ್ದರೂ ಪಿಡಬ್ಲ್ಯೂಎಂ ಬೇಕಾ?

ಬೇಡ. ಹತ್ತಿರದ ಲೆವೆಲ್‌ಗೆ ಸುಮ್ನೆ ರೌಂಡ್ ಮಾಡಿದರೆ ಸಾಕು. ಒಂದು ಮೆಟ್ಟಿಲು 1.6 ಕೆವಿ, ತಪ್ಪು ಹೆಚ್ಚೆಂದರೆ 0.8 ಕೆವಿ. 320 ಕೆವಿ ಎದುರು ಅದು ಶೇಕಡಾ ಕಾಲು ಭಾಗ. ಹತ್ತು-ಹನ್ನೆರಡು ಸಬ್‌ಮಾಡ್ಯೂಲ್‌ಗಳ ಲ್ಯಾಬ್ ಮಾಡೆಲ್‌ನಲ್ಲಿ ಮಾತ್ರ ಫೇಸ್ ಶಿಫ್ಟೆಡ್ ಪಿಡಬ್ಲ್ಯೂಎಂ ಬಳಸಿ. ಇಲ್ಲದಿದ್ದರೆ ಮೆಟ್ಟಿಲುಗಳೇ ಕರೆಂಟ್‌ನಲ್ಲಿ ಕಾಣುತ್ತವೆ.

ಕೆಪಾಸಿಟರ್‌ಗಳನ್ನು ಸಮವಾಗಿಡುವುದಕ್ಕೂ ಕರೆಂಟ್‌ಗೂ ಏನು ಸಂಬಂಧ?

ಇಲ್ಲಿ ಮೂರು ಹಂತಗಳಿವೆ, ಮೂರೂ ಬೇರೆ.

ಒಂದು ಆರ್ಮ್‌ನ ಒಳಗೆ, ಕೆಪಾಸಿಟರ್‌ಗಳ ನಡುವೆ ಸಮತೋಲನ ಸಾರ್ಟಿಂಗ್‌ನಿಂದ ಬರುತ್ತದೆ. ಆರ್ಮ್ ಕರೆಂಟ್ ಚಾರ್ಜ್ ಮಾಡುವ ದಿಕ್ಕಿನಲ್ಲಿದ್ದರೆ ವೋಲ್ಟೇಜ್ ಕಡಿಮೆ ಇರುವವನ್ನು ಒಳಗೆ ಹಾಕಿ. ಡಿಸ್ಚಾರ್ಜ್ ದಿಕ್ಕಿನಲ್ಲಿದ್ದರೆ ಜಾಸ್ತಿ ಇರುವವನ್ನು ಹಾಕಿ. ಪ್ರತಿ ಹೆಜ್ಜೆಯಲ್ಲೂ ಪೂರ್ತಿ ಸಾರ್ಟ್ ಮಾಡಿದರೆ ಸ್ವಿಚಿಂಗ್ ವಿಪರೀತ ಏರುತ್ತದೆ. ಸ್ವಲ್ಪ ವ್ಯತ್ಯಾಸ ಸಹಿಸಿಕೊಂಡರೆ ಒಂದು ಐಜಿಬಿಟಿಯ ಸ್ವಿಚಿಂಗ್ 100-200 ಹರ್ಟ್ಸ್ ಆಸುಪಾಸಿಗೆ ಇಳಿಯುತ್ತದೆ.

ಎರಡನೆಯದು ಫೇಸ್‌ನ ಒಟ್ಟು ಶಕ್ತಿ. ಇದನ್ನು ಸರ್ಕ್ಯುಲೇಟಿಂಗ್ ಕರೆಂಟ್‌ನ ಡಿಸಿ ಭಾಗ ನೋಡಿಕೊಳ್ಳುತ್ತದೆ. ಒಂದು ಫೇಸ್‌ನಲ್ಲಿ ಶಕ್ತಿ ಕಡಿಮೆಯಾದರೆ ಅಲ್ಲಿಗೆ ಡಿಸಿಯಿಂದ ಸ್ವಲ್ಪ ಜಾಸ್ತಿ ಎಳೆಯಬೇಕು, ಅಷ್ಟೇ.

ಮೂರನೆಯದು ಮೇಲಿನ ಮತ್ತು ಕೆಳಗಿನ ಆರ್ಮ್‌ಗಳ ನಡುವಿನ ವ್ಯತ್ಯಾಸ. ಡಿಸಿ ಭಾಗ ಎರಡಕ್ಕೂ ಸಮನಾಗಿ ಕೊಡುವುದರಿಂದ ಇಲ್ಲಿ ಅದು ಕೆಲಸಕ್ಕೆ ಬಾರದು. 50 ಹರ್ಟ್ಸ್ ಸರ್ಕ್ಯುಲೇಟಿಂಗ್ ಕರೆಂಟ್ ಬೇಕು, ಅದೂ ಆ ಫೇಸ್‌ನ ಎಸಿ ವೋಲ್ಟೇಜ್‌ಗೆ ತಾಳೆಯಾಗಿ. ಎರಡು ಆರ್ಮ್‌ಗಳ ಎಸಿ ವೋಲ್ಟೇಜ್ ಒಂದಕ್ಕೊಂದು ಎದುರು ಇರುವುದರಿಂದ ಒಂದರಿಂದ ತೆಗೆದದ್ದು ಇನ್ನೊಂದಕ್ಕೆ ಸೇರುತ್ತದೆ. ಮೂರು ಫೇಸ್‌ಗಳ ಈ 50 ಹರ್ಟ್ಸ್ ಕರೆಂಟ್ ಕೂಡಿದಾಗ ಸೊನ್ನೆಯಾಗುವಂತೆ ಹಂಚಬೇಕು. ಇಲ್ಲದಿದ್ದರೆ ಅದು ಡಿಸಿ ಕೇಬಲ್‌ನಲ್ಲಿ ಕಾಣಿಸಿಕೊಳ್ಳುತ್ತದೆ.

ನನ್ನ ಪ್ರಕಾರ ಎಂಎಂಸಿಯಲ್ಲಿ ಒಡೆಯ ಶಕ್ತಿ, ಆಳು ಕರೆಂಟ್. ನಮ್ಮ ಸ್ಟೇಷನ್‌ನ 2400 ಕೆಪಾಸಿಟರ್‌ಗಳಲ್ಲಿ ಒಟ್ಟು ಸುಮಾರು 31 ಮೆಗಾಜೂಲ್ ಇದೆ. 1000 ಮೆಗಾವಾಟ್ ಸ್ಟೇಷನ್‌ಗೆ ಅದು ಕೇವಲ 31 ಮಿಲಿಸೆಕೆಂಡ್‌ನ ಆಹಾರ. ಒಳಗೆ ಬರುವ ಪವರ್, ಹೊರಗೆ ಹೋಗುವ ಪವರ್ ಎರಡರ ನಡುವೆ ಶೇಕಡಾ 10 ವ್ಯತ್ಯಾಸ ಬಂದರೂ ಒಂದು ಹತ್ತನೇ ಸೆಕೆಂಡ್‌ನಲ್ಲಿ ಒಟ್ಟು ಶಕ್ತಿಯ ಮೂರನೇ ಒಂದು ಭಾಗ ಆಚೀಚೆ ಆಗುತ್ತದೆ. ಕರೆಂಟ್ ಲೂಪ್ ಎಷ್ಟೇ ಚಂದ ಇದ್ದರೂ, ಅದಕ್ಕೆ ರೆಫರೆನ್ಸ್ ಕೊಡುವ ಶಕ್ತಿ ಲೂಪ್ ತಪ್ಪಾಗಿದ್ದರೆ ಪ್ರಯೋಜನ ಇಲ್ಲ.

ಮಾಡ್ಯುಲೇಶನ್‌ನಲ್ಲಿ (ಎಷ್ಟು ಸಬ್‌ಮಾಡ್ಯೂಲ್ ಹಾಕಬೇಕೆಂಬ ಲೆಕ್ಕದಲ್ಲಿ) ಬೇಕಾದ ವೋಲ್ಟೇಜನ್ನು ಅಳೆದ ಕೆಪಾಸಿಟರ್ ವೋಲ್ಟೇಜ್‌ನಿಂದ ಭಾಗಿಸಬೇಕಾ, ನಾಮಿನಲ್ ವೋಲ್ಟೇಜ್‌ನಿಂದಲಾ?

ಒಳ್ಳೆ ಪ್ರಶ್ನೆ, ಬಹಳ ಜನ ಕೇಳುವುದೇ ಇಲ್ಲ. ನಾಮಿನಲ್‌ನಿಂದ ಭಾಗಿಸಿದರೆ ಶಕ್ತಿ ತಾನಾಗಿಯೇ ಸಮತೋಲನಕ್ಕೆ ಬರುತ್ತದೆ, ಆದರೆ 100 ಹರ್ಟ್ಸ್ ಕರೆಂಟ್ ಹುಟ್ಟುತ್ತದೆ. ಅಳೆದ ಮೊತ್ತದಿಂದ ಭಾಗಿಸಿದರೆ ಏರಿಳಿತ ರದ್ದಾಗಿ 100 ಹರ್ಟ್ಸ್ ಹುಟ್ಟುವುದೇ ಇಲ್ಲ. ಆದರೆ ಆ ತಾನಾಗಿ ಸರಿಹೋಗುವ ಗುಣವೂ ಹೋಗುತ್ತದೆ. ಆಗ ಶಕ್ತಿಯ ಕಂಟ್ರೋಲ್ ಲೂಪ್ ಇಲ್ಲದೆ ಸಿಸ್ಟಮ್ ನಿಲ್ಲುವುದಿಲ್ಲ. ಮೊದಲ ಸಲ ಮಾಡುತ್ತಿದ್ದರೆ ನಾಮಿನಲ್‌ನಿಂದ ಶುರು ಮಾಡಿ, ಶಕ್ತಿ ಲೂಪ್‌ಗಳು ಕೆಲಸ ಮಾಡಿದ ಮೇಲೆ ಅಳೆದದ್ದಕ್ಕೆ ಹೋಗಿ.

ಡಿಸಿ ಕಡೆ ಶಾರ್ಟ್ ಆದರೆ ಕರೆಂಟ್ ಕಂಟ್ರೋಲರ್ ಉಳಿಸುತ್ತದಾ?

ಹಾಫ್ ಬ್ರಿಡ್ಜ್ (ಎರಡು ಸ್ವಿಚ್‌ನ ಸಬ್‌ಮಾಡ್ಯೂಲ್) ಆದರೆ ಇಲ್ಲ. ಸ್ಟೇಷನ್ ಬಾಗಿಲಲ್ಲೇ ಎರಡು ಕಂಬಗಳ ನಡುವೆ ಶಾರ್ಟ್ ಆಗಿದೆ, ಡಿಸಿ ರಿಯಾಕ್ಟರ್ ಇಲ್ಲ ಅಂತಿಟ್ಟುಕೊಳ್ಳಿ. ಒಂದು ಫೇಸ್‌ನ ಎರಡು ಇಂಡಕ್ಟರ್ ಸೇರಿ 100 ಮಿಲಿಹೆನ್ರಿ, ಅದರ ಮೇಲೆ 640 ಕೆವಿ. ಪ್ರತಿ ಮೈಕ್ರೋಸೆಕೆಂಡಿಗೆ ಕರೆಂಟ್ 6.4 ಆಂಪಿಯರ್ ಏರುತ್ತದೆ. ಮೇಲಿನ 250 ಮೈಕ್ರೋಸೆಕೆಂಡ್ ಡಿಲೇ ಮುಗಿಯುವಷ್ಟರಲ್ಲಿ 1600 ಆಂಪಿಯರ್ ಸೇರಿರುತ್ತದೆ. ಅದಕ್ಕೇ ಓವರ್‌ಕರೆಂಟ್ ಪ್ರೊಟೆಕ್ಷನ್ ಕೇಂದ್ರ ಕಂಟ್ರೋಲರ್ ದಾರಿ ಕಾಯುವುದಿಲ್ಲ. ವಾಲ್ವ್ ಹತ್ತಿರವೇ ನಿರ್ಧಾರ ತೆಗೆದುಕೊಂಡು ಐಜಿಬಿಟಿಗಳನ್ನು ಬ್ಲಾಕ್ ಮಾಡುತ್ತದೆ.

ಬ್ಲಾಕ್ ಆದ ಮೇಲೂ ಕಥೆ ಮುಗಿಯುವುದಿಲ್ಲ. ಡಯೋಡ್‌ಗಳ ಮೂಲಕ ಎಸಿ ಗ್ರಿಡ್ ಫಾಲ್ಟ್‌ಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಎಸಿ ಬ್ರೇಕರ್ ತೆರೆಯುವ ತನಕ ಡಯೋಡ್ ಉಳಿಯಲಿ ಅಂತ ಪಕ್ಕದಲ್ಲಿ ಥೈರಿಸ್ಟರ್ ಇಡುವುದು ವಾಡಿಕೆ. ಫುಲ್ ಬ್ರಿಡ್ಜ್ ಸಬ್‌ಮಾಡ್ಯೂಲ್ ನೆಗೆಟಿವ್ ವೋಲ್ಟೇಜ್ ಕೂಡ ಹಾಕಬಲ್ಲದು, ಹಾಗಾಗಿ ಫಾಲ್ಟ್ ಕರೆಂಟನ್ನು ತಾನೇ ಸೊನ್ನೆಗೆ ತರುತ್ತದೆ. ಬೆಲೆ: ಸ್ವಿಚ್‌ಗಳು ಎರಡರಷ್ಟು, ನಷ್ಟವೂ ಜಾಸ್ತಿ. ಮೂರನೇ ದಾರಿ ಡಿಸಿ ಬ್ರೇಕರ್. ಚೀನಾದ ಜಾಂಗ್‌ಬೇಯ್‌ನಲ್ಲಿ 2020ರಲ್ಲಿ ಶುರುವಾದ ಪ್ಲಸ್-ಮೈನಸ್ 500 ಕೆವಿಯ ನಾಲ್ಕು ಟರ್ಮಿನಲ್ ಗ್ರಿಡ್ ಇದೇ ದಾರಿಯಲ್ಲಿದೆ.

ಮಾಡೆಲ್ ಪ್ರಿಡಿಕ್ಟಿವ್ ಕಂಟ್ರೋಲ್ ಬಳಸಬಹುದಾ?

ಬಳಸಬಹುದು (ಮುಂದೇನಾಗುತ್ತದೆಂದು ಮಾಡೆಲ್‌ನಲ್ಲಿ ಊಹಿಸಿ ಒಳ್ಳೆಯ ಹೆಜ್ಜೆ ಆರಿಸುವ ಕಂಟ್ರೋಲ್ ಇದು), ಆದರೆ ಪ್ರತಿ ಸ್ವಿಚ್‌ನ ಸ್ಥಿತಿಯನ್ನೂ ಪರೀಕ್ಷಿಸುವ ಬಗೆಯದ್ದಲ್ಲ. ಒಂದು ಆರ್ಮ್‌ಗೇ 2ರ 400ನೇ ಘಾತ ಸಾಧ್ಯತೆಗಳು, ಅಂದರೆ 1ರ ಮುಂದೆ 120 ಸೊನ್ನೆಗಿಂತ ಜಾಸ್ತಿ. ಎಷ್ಟು ಸಬ್‌ಮಾಡ್ಯೂಲ್ ಹಾಕಬೇಕು ಅನ್ನುವುದನ್ನಷ್ಟೇ ಆರಿಸಿ, ಯಾವುದು ಅನ್ನುವುದನ್ನು ಸಾರ್ಟಿಂಗ್‌ಗೆ ಬಿಟ್ಟರೆ ಒಂದು ಫೇಸ್‌ಗೆ 1,60,801 ಜೋಡಿಗೆ ಇಳಿಯುತ್ತದೆ. ಈಗಿನ ಲೆವೆಲ್‌ನ ಅಕ್ಕಪಕ್ಕವಷ್ಟೇ ನೋಡಿದರೆ 9. ಪ್ರಬಂಧಗಳಲ್ಲಿ ಇದರ ಫಲಿತಾಂಶ ಚೆನ್ನಾಗಿ ಕಾಣುತ್ತದೆ. ಆದರೆ ಹಳೇ ಪಿಐ ಲೂಪನ್ನು ಗ್ರಿಡ್ ಆಪರೇಟರ್ ಮುಂದೆ ಫ್ರೀಕ್ವೆನ್ಸಿ ರೆಸ್ಪಾನ್ಸ್ ತೋರಿಸಿ ಸಮರ್ಥಿಸಿಕೊಳ್ಳಬಹುದು. ಆ ಅನುಕೂಲವನ್ನು ನಾನು ಸುಲಭಕ್ಕೆ ಬಿಡುವುದಿಲ್ಲ.

ಯಾವ ಕರೆಂಟ್ ಸೆನ್ಸರ್?

ಡಿಸಿ ಅಳೆಯುವಂಥದ್ದು. ಆರ್ಮ್ ಕರೆಂಟ್‌ನಲ್ಲಿ ಡಿಸಿ ಇದ್ದೇ ಇರುತ್ತದೆ, ಕರೆಂಟ್‌ನ ಬದಲಾವಣೆಯನ್ನಷ್ಟೇ ಹಿಡಿಯುವ ರೊಗೊವ್‌ಸ್ಕಿ ಕಾಯಿಲ್ ಒಂದರಿಂದಲೇ ಆಗದು. ಆಫ್‌ಸೆಟ್ ಬಗ್ಗೆ ಎಚ್ಚರ. ಮೇಲಿನ ಮತ್ತು ಕೆಳಗಿನ ಸೆನ್ಸರ್‌ಗಳ ಆಫ್‌ಸೆಟ್ ಬೇರೆ ಬೇರೆ ಇದ್ದರೆ ಆ ವ್ಯತ್ಯಾಸವನ್ನು ಕಂಟ್ರೋಲರ್ ಎಸಿ ಕಡೆಯ ಡಿಸಿ ಕರೆಂಟ್ ಅಂತ ತಿಳಿಯುತ್ತದೆ. ಅದನ್ನು ತಿದ್ದಲು ಹೋಗಿ ನಿಜವಾಗಿಯೂ ಡಿಸಿ ಕಳಿಸುತ್ತದೆ, ಟ್ರಾನ್ಸ್‌ಫಾರ್ಮರ್ ಕೋರ್ ಸ್ಯಾಚುರೇಟ್ ಆಗುತ್ತದೆ.

ಸಿಮ್ಯುಲೇಶನ್‌ನಲ್ಲಿ ಎಲ್ಲ ಸರಿ. ಗ್ರಿಡ್‌ಗೆ ಜೋಡಿಸಿದರೆ 1 ಕಿಲೋಹರ್ಟ್ಸ್ ಮೇಲೆ ಏನೋ ಕಿರುಚುತ್ತದೆ. ಯಾಕೆ?

ಮೊದಲು ಗ್ರಿಡ್ ವೋಲ್ಟೇಜ್ ಫೀಡ್‌ಫಾರ್ವರ್ಡ್ ನೋಡಿ. ಕಂಟ್ರೋಲರ್ ಗ್ರಿಡ್ ವೋಲ್ಟೇಜ್ ಅಳೆದು, ಅದನ್ನು ನೇರವಾಗಿ ಔಟ್‌ಪುಟ್‌ಗೆ ಸೇರಿಸುತ್ತದೆ. 50 ಹರ್ಟ್ಸ್‌ನಲ್ಲಿ ಇದು ತುಂಬ ಒಳ್ಳೆಯದು. 250 ಮೈಕ್ರೋಸೆಕೆಂಡ್ ಡಿಲೇ ಇದ್ದರೆ 1 ಕಿಲೋಹರ್ಟ್ಸ್‌ನಲ್ಲಿ ಅದೇ ಸಿಗ್ನಲ್ 90 ಡಿಗ್ರಿ ತಡವಾಗಿ ಬರುತ್ತದೆ, 2 ಕಿಲೋಹರ್ಟ್ಸ್‌ನಲ್ಲಿ 180. ಕೆಲವು ಫ್ರೀಕ್ವೆನ್ಸಿಗಳಲ್ಲಿ ಕನ್ವರ್ಟರ್ ಗ್ರಿಡ್‌ಗೆ ನೆಗೆಟಿವ್ ರೆಸಿಸ್ಟೆನ್ಸ್ ಆಗಿ ಕಾಣುತ್ತದೆ. ಗ್ರಿಡ್‌ನ ಕೇಬಲ್‌ಗಳ ರೆಸೊನೆನ್ಸ್ ಅಲ್ಲೇ ಬಿದ್ದರೆ ಆಂದೋಲನ ಬೆಳೆಯುತ್ತದೆ. ನಿಜವಾದ ಎಚ್‌ವಿಡಿಸಿ ಯೋಜನೆಗಳಲ್ಲೇ ಒಂದು ಕಿಲೋಹರ್ಟ್ಸ್ ಮೇಲಿನ ಇಂಥ ಆಂದೋಲನಗಳು ದಾಖಲಾಗಿವೆ.

ಸಿಮ್ಯುಲೇಶನ್‌ನಲ್ಲಿ ಕಾಣದಿರಲು ಕಾರಣ ಸಾಮಾನ್ಯವಾಗಿ ಎರಡು. ಗ್ರಿಡ್ಡನ್ನು ಒಂದು ವೋಲ್ಟೇಜ್ ಸೋರ್ಸ್ ಮತ್ತು ಒಂದು ಇಂಡಕ್ಟರ್ ಅಂತ ಸರಳ ಮಾಡಿರುತ್ತೇವೆ, ಹಾಗಾಗಿ ಅಲ್ಲಿ ರೆಸೊನೆನ್ಸೇ ಇರುವುದಿಲ್ಲ. ಜೊತೆಗೆ ಡಿಲೇಯನ್ನು ಒಂದೇ ಸ್ಯಾಂಪಲ್ ಅಂತ ಹಾಕಿರುತ್ತೇವೆ. ನಿಜವಾದ ಕಂಟ್ರೋಲ್ ಕಾರ್ಡ್‌ಗಳನ್ನು ರಿಯಲ್ ಟೈಮ್ ಸಿಮ್ಯುಲೇಟರ್‌ಗೆ ಜೋಡಿಸಿ, ಕನ್ವರ್ಟರ್‌ನ ಇಂಪೀಡೆನ್ಸನ್ನು 2-3 ಕಿಲೋಹರ್ಟ್ಸ್‌ವರೆಗೆ ಅಳೆಯಿರಿ. ಗ್ರಿಡ್ ಆಪರೇಟರ್‌ನಿಂದ ಅವರ ಕಡೆಯ ಇಂಪೀಡೆನ್ಸ್ ತರಿಸಿ, ಲೈನ್‌ಗಳು ಒಂದೊಂದಾಗಿ ಹೊರಗಿದ್ದಾಗಿನದೂ ಸೇರಿದಂತೆ. ಎರಡನ್ನೂ ಒಂದೇ ಗ್ರಾಫ್‌ನಲ್ಲಿಟ್ಟು ನೋಡಿದರೆ ಕಿರುಚುವ ಜಾಗ ಸಿಗುತ್ತದೆ. ಫೀಡ್‌ಫಾರ್ವರ್ಡ್‌ಗೆ ಲೋ ಪಾಸ್ ಫಿಲ್ಟರ್ ಹಾಕುವುದು ಮೊದಲ ಮದ್ದು. ಹಾಕಿದ ಮೇಲೆ ಎಸಿ ಫಾಲ್ಟ್ ಪರೀಕ್ಷೆಗಳನ್ನು ಮತ್ತೆ ಮೊದಲಿನಿಂದ ಓಡಿಸಿ. ಫಿಲ್ಟರ್ ನಿಧಾನವಾದಷ್ಟೂ ವೋಲ್ಟೇಜ್ ಕುಸಿದ ಮೊದಲ ಮಿಲಿಸೆಕೆಂಡ್‌ನಲ್ಲಿ ಆರ್ಮ್ ಕರೆಂಟ್ ಜಾಸ್ತಿ ನೆಗೆಯುತ್ತದೆ, ಬ್ಲಾಕ್ ಆಗುವ ಮಿತಿ ಅಲ್ಲೇ ಪಕ್ಕದಲ್ಲಿರುತ್ತದೆ.